ಸೈಂಧವದ ಡಬ್ಬಿ

ಈ ಸಲ ತಾಟು ಗೋಡೆಗೆ ಬಡಿಯಲಿಲ್ಲ, ತುಳಸೀಬಾಯಿಯ ಹಣೆಗೇ ಬಡಿಯಿತು. ಹಿತ್ತಾಳೆಯ ದಪ್ಪ ತಾಟು. ಅದರ ಅಂಚು ಹುಬ್ಬಿನ ಮೇಲೆ ಕೂತು, ರಕ್ತ ಮೂಗಿನ ಪಕ್ಕದಿಂದ ಗಲ್ಲಕ್ಕೆ ಇಳಿಯಿತು. ಅನ್ನ, ಬೇಳೆಯ ಕಟ್ಟು, ಪಡವಲಕಾಯಿಯ ಹೋಳು ಅಡುಗೆಮನೆಯ ತುಂಬ ಚೆಲ್ಲಿದವು.

"ಇದನ್ನ ನಾಯಿಗೆ ಹಾಕು. ನಾಯೀನೂ ಮೂಸೂದಿಲ್ಲ!" ಎಂದು ಬಿಂದೂರಾಯ ಕೂಗಿದ.

"ಉಪ್ಪು ಹಾಕಬ್ಯಾಡಂತ ಡಾಕ್ಟರ್ ಹೇಳ್ಯಾರ್ರಿ. ನಾ ಏನ್ ಮಾಡ್ಲಿ?" ಎಂದಳು ತುಳಸೀಬಾಯಿ, ಸೆರಗಿನಿಂದ ಹುಬ್ಬು ಒತ್ತಿಕೊಂಡು.

"ಡಾಕ್ಟರ್ ನಿನ್ನ ಅಪ್ಪನೇನು? ಗಂಡ ಹೇಳಿದ್ದು ಕೇಳ್ತೀಯೋ, ಡಾಕ್ಟರ್ ಹೇಳಿದ್ದೋ?"

ಇದು ಉತ್ತರ ಬೇಡುವ ಪ್ರಶ್ನೆಯಲ್ಲವೆಂದು ಹದಿನಾರು ವರ್ಷದ ಸಂಸಾರ ಅವಳಿಗೆ ಕಲಿಸಿತ್ತು. ಕೂತು ಅನ್ನ ಬಳಿಯತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಮಗಳು ಅಂಬು ಅರಿಷಿಣದ ಪುಡಿ ತಂದು ತಾಯಿಯ ಹುಬ್ಬಿಗೆ ಒತ್ತಿದಳು. ಅಪ್ಪನ ಕಡೆ ನೋಡಲಿಲ್ಲ.

ಬಿಂದೂರಾಯ ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಅವನು ಸೀಟಿ ಊದಿದರೆ ಮೈದಾನದ ಹುಡುಗರಷ್ಟೇ ಅಲ್ಲ, ಪಕ್ಕದ ರಸ್ತೆಯ ಟಾಂಗಾದ ಕುದುರೆಯೂ ನಿಲ್ಲುತ್ತದೆಂದು ಊರು ನಗುತ್ತಿತ್ತು. ಕೈಯಲ್ಲಿ ಸದಾ ಬೆತ್ತ. ಅಂಥವನ ಕಾಲು ಹೋಳಿಯ ಹೊತ್ತಿಗೆ ಬಾತವು, ಆಮೇಲೆ ಮುಖ ಬಾತಿತು, ಆಮೇಲೆ ಉಸಿರು ಕಟ್ಟಿತು. ಆಲಮಟ್ಟಿಯ ಆಣೆಕಟ್ಟಿನ ಆಫೀಸಿನಲ್ಲಿ ಕಾರಕೂನನಾಗಿದ್ದ ತಮ್ಮ ವೆಂಕಟೇಶ ರಜೆ ಹಾಕಿ ಅವನನ್ನು ಮಿರಜಕ್ಕೆ ಒಯ್ದ. ಎರಡೂ ಮೂತ್ರಪಿಂಡ ಕೆಟ್ಟಿವೆ ಎಂದರು ಅಲ್ಲಿ. ಹೊಟ್ಟೆಗೆ ರಂಧ್ರ ಮಾಡಿ, ನಳಿಗೆ ಇಳಿಸಿ, ಔಷಧದ ನೀರು ತುಂಬಿಸಿ, ಮತ್ತೆ ಹೊರಗೆ ತೆಗೆದು ಮೈಯೊಳಗಿನ ಹೊಲಸು ತೊಳೆದರು. ಬಾವು ಇಳಿಯಿತು. ಮಾಸ್ತರ ಬದುಕಿ ಬಂದ. ಆದರೆ ಬರುವಾಗ ಡಾಕ್ಟರರು ವೆಂಕಟೇಶನಿಗೆ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು: ಉಪ್ಪು ಪೂರ್ತಿ ಬಂದ್, ನೀರು ದಿನಕ್ಕೊಂದು ಸಣ್ಣ ತಂಬಿಗೆ; ಬಾವು ಮತ್ತೆ ಏರಿದರೆ ನಳಿಗೆ ಹಾಕಿದರೂ ಜೀವ ಉಳಿಯುವ ಭರವಸೆ ಇಲ್ಲ.

ಹೀಗೆ ಒಬ್ಬ ಮನುಷ್ಯನ ಜೀವ ತುಳಸೀಬಾಯಿಯ ಒಲೆಯ ಮೇಲೆ ಬಂದು ಕೂತಿತು.

ತಾಟು ಎಸೆದ ಮರುದಿನ ಬಿಂದೂರಾಯನ ತಾಯಿ ಗೋದೂಬಾಯಿ ಸ್ನಾನ ಮಾಡಿ, ಮಡಿ ಉಟ್ಟು ಒಲೆಯ ಮುಂದೆ ಬಂದು ಕೂತಳು. ಗಂಡ ಸತ್ತ ಮೇಲೆ ಮಡಿ, ಉಪವಾಸ, ಒಪ್ಪತ್ತುಗಳಲ್ಲೇ ದಿನ ಕಳೆದ ಗಟ್ಟಿ ಹೆಂಗಸು.

"ಸರಿ ಅತ್ತಲಾಗ. ನನ್ನ ಮಗನ ಅಡಿಗಿ ನಾನಽ ಮಾಡ್ತೇನಿ," ಎಂದಳು.

"ಮಾಡ್ರಿ ಅತ್ತಿ. ಆದ್ರ ಉಪ್ಪು ಮಾತ್ರ..."

"ನನಗ ಹೇಳಿಕೊಡ್ಲಿಕ್ಕೆ ಬರಬ್ಯಾಡ. ಉಪ್ಪು ಮುಟ್ಟೂದಿಲ್ಲ."

ಉಪ್ಪಿನ ಗಡಿಗೆಯನ್ನು ಅವಳು ನಿಜವಾಗಿಯೂ ಮುಟ್ಟಲಿಲ್ಲ. ದೇವರ ಮನೆಯ ಗೂಡಿನಿಂದ ತನ್ನ ಉಪವಾಸದ ಡಬ್ಬಿ ತಂದಳು. ಅದರಲ್ಲಿ ಸೈಂಧವ ಇತ್ತು, ಬಿಳಿಗೆಂಪು ಹರಳು. ಉಪ್ಪು ಬಿಟ್ಟು ವ್ರತ ಹಿಡಿದ ದಿನ ಫಲಾಹಾರಕ್ಕೆ ಅವಳು ಹಾಕಿಕೊಳ್ಳುತ್ತಿದ್ದುದು ಅದನ್ನೇ. ಅವಳ ಅತ್ತೆ ಹಾಗೇ ಮಾಡಿದ್ದಳು, ಅತ್ತೆಯ ಅತ್ತೆಯೂ ಮಾಡಿದ್ದಳು. ಉಪ್ಪು ಬೇರೆ, ಸೈಂಧವ ಬೇರೆ. ಉಪ್ಪು ತಿಂದರೆ ವ್ರತ ಕೆಡುತ್ತದೆ, ಸೈಂಧವಕ್ಕೆ ಕೆಡುವುದಿಲ್ಲ. ಇಷ್ಟು ಸ್ಪಷ್ಟವಿರುವ ಮಾತನ್ನು ಮಿರಜದ ಡಾಕ್ಟರರಿಗೆ ಯಾರು ಹೋಗಿ ಕೇಳುತ್ತಾರೆ? ತುಳಸೀಬಾಯಿಯೂ ನೋಡಿದಳು, ಅಂಬುವೂ ನೋಡಿದಳು, ಯಾರಿಗೂ ಏನೂ ಅನಿಸಲಿಲ್ಲ.

ಬಿಂದೂರಾಯ ಮೊದಲ ತುತ್ತು ಬಾಯಿಗಿಟ್ಟು ತಾಯಿಯ ಮುಖ ನೋಡಿದ.

"ಏನು ಹಾಕೀದಿ ಅವ್ವಾ?"

"ಸೈಂಧವ. ವ್ರತಕ್ಕ ನಡೀತದ, ನಿನಗ ನಡಿಯೂದಿಲ್ಲೇನು? ಉಣ್ಣಪ್ಪಾ."

ಅವನು ಸ್ವಲ್ಪ ಹೊತ್ತು ಕೈ ತಡೆದು ಕೂತ. ಆಮೇಲೆ ಉಂಡ. ಅಂದಿನಿಂದ ತಾಟಿನಲ್ಲಿ ಒಂದು ಅಗುಳೂ ಉಳಿಯುತ್ತಿರಲಿಲ್ಲ. ಗೋದೂಬಾಯಿ ಸೊಸೆಗೆ ಆ ಬರಿದಾದ ತಾಟು ತೋರಿಸಿ ತೋರಿಸಿ ಇಡುತ್ತಿದ್ದಳು. ಗಂಡ ಉಂಡ ತಾಟಿನಲ್ಲೇ ಹೆಂಡತಿ ಉಣ್ಣುವುದು ಆ ಮನೆಯ ರೂಢಿ. ತುಳಸೀಬಾಯಿ ಅದರಲ್ಲೇ ತನ್ನ ಅನ್ನ ಸಾರು ಬಡಿಸಿಕೊಂಡು ಉಂಡು ಏಳುತ್ತಿದ್ದಳು.

ಊಟ ಸರಿಹೋಯಿತು, ಮನುಷ್ಯ ಸರಿಹೋಗಲಿಲ್ಲ. ಮೊದಮೊದಲು ಸಂಜೆಗೆ ಕಟ್ಟೆಯ ಮೇಲೆ ಜಾಗ ಸಾಲದಷ್ಟು ಜನ ಬರುತ್ತಿದ್ದರು. ಮಾಸ್ತರರೆಲ್ಲ ಬಂದರು, ಹುಡುಗರು ಬಂದರು, ಇಂಡಿಯಿಂದ ಬೀಗರು ಬಂದರು. ಬಂದವರಿಗೆಲ್ಲ ಬಿಂದೂರಾಯ ಬಿರುಸು ಮಾತಾಡಿದ. "ನೋಡಿ ಆಯ್ತಿಲ್ಲೋ? ಹೋಗ್ರಿ ಇನ್ನ," ಎಂದ. ಜನರಿಗೂ ಅಷ್ಟೇ ಬೇಕಿತ್ತು. ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಉಳಿದವನು ಉರ್ದು ಕಲಿಸುವ ಶಮಶುದ್ದೀನ ಮಾಸ್ತರ ಒಬ್ಬನೇ. ಅವನ ಮೇಲೂ ಒಮ್ಮೆ ಬಿಂದೂರಾಯ ತಂಬಿಗೆ ಬೀಸಿ ಒಗೆದ. ಅದು ಕಿವಿಯ ಪಕ್ಕ ಹಾದು ಅಂಗಳಕ್ಕೆ ಬಿತ್ತು. ಶಮಶುದ್ದೀನ ಎದ್ದು ಹೋಗಿ, ತಂಬಿಗೆ ಎತ್ತಿ ತಂದು ಅವನ ಪಕ್ಕದಲ್ಲೇ ಇಟ್ಟ.

"ಗುರಿ ತಪ್ಪಾಕತ್ತೇತಿ ರಾಯರ, ಪ್ರ್ಯಾಕ್ಟೀಸ್ ಕಮ್ಮಿ ಆಗೇತಿ. ನಾಳೆ ಮತ್ತ ಬರ್ತೇನಿ, ಇಟಗೊಂಡಿರ್ರಿ."

"ಬರಬ್ಯಾಡ ಅಂದ್ನೆಲ್ಲ!"

"ನಿಮ್ಮನ್ನ ಕೇಳಿ ಬರ್ತೇನೇನು?" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ನಾಳೆ ಬಂದ, ನಾಡಿದ್ದೂ ಬಂದ.

ಬಿಂದೂರಾಯ ಹಗಲೆಲ್ಲ ಪಡಸಾಲೆಯ ಕಂಬಕ್ಕೆ ಆತು ಗೋಡೆ ನೋಡುತ್ತ ಕೂತಿರುತ್ತಿದ್ದ. ಸಾಲೆಯ ಗಂಟೆ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದ. ಗಡ್ಡ ಬೆಳೆಯಿತು. ಸ್ನಾನಕ್ಕೆ ಕರೆದರೆ ಬೈದ. ಮಾತಾಡಿದರೆ ಕೈಯಿಂದಲೇ ಮಾತಾಡುತ್ತಿದ್ದ. ಒಂದು ಮಧ್ಯಾಹ್ನ ಅವನು ಹಂಡೆಗೆ ತಂಬಿಗೆ ಇಳಿಸಿ ಕದ್ದು ನೀರು ಕುಡಿಯುವುದನ್ನು ಅಂಬು ನೋಡಿ, "ಅಪ್ಪಾ, ಬ್ಯಾಡ!" ಎಂದು ತಂಬಿಗೆ ಕಿತ್ತುಕೊಳ್ಳಲು ಹೋದಳು. ಕಪಾಳಕ್ಕೆ ಬಿದ್ದ ಏಟಿಗೆ ಹುಡುಗಿ ಹಂಡೆಯ ಮೇಲೆ ಬಿದ್ದಳು.

"ನನ್ನ ಮನಿಯೊಳಗ ನನಗ ನೀರಿಲ್ಲ ಅಂತೀಯೇನಽ?"

"ಕುಡದು ಸಾಯ್ತೀಯೇನು ಮತ್ತ?" ಎಂದು ಅಂಬು ಬಿದ್ದಲ್ಲಿಂದಲೇ ಅರಚಿದಳು.

"ಹೂಂ. ಸಾಯ್ತೇನಿ. ನಿಮಗೆಲ್ಲಾ ಸಮಾಧಾನ ಆಗ್ತದ."

ಗೋದೂಬಾಯಿ ಓಡಿ ಬಂದು ಮೊಮ್ಮಗಳನ್ನೇ ಬೈದಳು. "ಅಪ್ಪಗ ಎದುರು ಮಾತಾಡ್ತೀಯಾ? ತಾಯಿ ಕಲಿಸಿದ್ದು ಇದಽ ಏನು?"

ಶ್ರಾವಣ ಬಂತು. ಶ್ರಾವಣದ ಜೊತೆಗೆ ಬಾವೂ ಬಂತು. ಮೊದಲು ಪಾದ, ಆಮೇಲೆ ಮೊಣಕಾಲು. ಬೆರಳಿಟ್ಟು ಒತ್ತಿದರೆ ಹಸಿ ಹಿಟ್ಟಿನಲ್ಲಿ ಬಿದ್ದಂತೆ ಕುಳಿ ಬೀಳುತ್ತಿತ್ತು. ಊರಿನ ಡಾಕ್ಟರರು ಮನೆಗೆ ಬಂದು ನೋಡಿ ಸಿಟ್ಟಾದರು.

"ಉಪ್ಪು ಕೊಡ್ಲಿಕತ್ತೀರಿ ನೀವು."

"ಒಂದು ಹರಳೂ ಇಲ್ಲರಿ! ನಾನಽ ಮಡೀಲೆ ಅಡಿಗಿ ಮಾಡ್ತೇನಿ, ಈ ದೇವರಾಣಿ," ಎಂದಳು ಗೋದೂಬಾಯಿ. ಅವಳು ಸುಳ್ಳು ಹೇಳಲಿಲ್ಲ. ಅದೇ ದುರ್ದೈವ.

"ಹಂಗಾರ ನಿಮಗ ಗೊತ್ತಿಲ್ದಽ ಯಾರೋ ಹಾಕ್ಲಿಕತ್ತಾರ. ಇದು ಹಿಂಗಽ ನಡೆದರ ನನ್ನ ಕಡೆ ಬರಬ್ಯಾಡ್ರಿ," ಎಂದು ಡಾಕ್ಟರರು ಚೀಲ ಎತ್ತಿಕೊಂಡರು.

ಯಾರೋ! ಆ ಮನೆಯಲ್ಲಿ ಇನ್ನು ಯಾರಿದ್ದಾರೆ? ಗೋದೂಬಾಯಿಯ ಕಣ್ಣು ನೇರ ಸೊಸೆಯ ಮೇಲೆ ಹೋಯಿತು.

"ನಾ ದೇವರ ಮನಿಗೆ ಹೋದಾಗ ಒಲಿ ಹತ್ರ ಯಾಕ ಬರ್ತಿ ನೀನು?"

"ಅತ್ತಿ, ಏನ್ ಮಾತಾಡ್ಲಿಕತ್ತೀರಿ? ಸಾರು ಕುದೀತದೇನಂತ ನೋಡ್ಲಿಕ್ಕೆ ಬರ್ತೇನಿ."

"ನೋಡ್ಲಿಕ್ಕೋ, ಉಪ್ಪು ಹಾಕ್ಲಿಕ್ಕೋ? ಅವ ಹೋದ್ರ ಮೈದುನನ ಜೋಡಿ ಆಲಮಟ್ಟಿಗೆ ಹೋಗಿ ಆರಾಮ ಇರಬಹುದು ಅಂತೇನು?"

ಇಂಥ ಮಾತು ಆ ಮುದುಕಿಯ ಬಾಯಿಂದ ಹೇಗೆ ಬಂತೋ! ಹೆದರಿಕೆಗೆ ನಾಚಿಕೆ ಇರುವುದಿಲ್ಲ. ಮಗ ಸಾಯುತ್ತಾನೆಂಬ ಹೆದರಿಕೆ ಅವಳ ನಾಲಗೆಯಿಂದ ಏನು ಬೇಕಾದ್ದು ಆಡಿಸಿತು. ಬಿಂದೂರಾಯ ಕಂಬ ಹಿಡಿದು ಎದ್ದ. ಮೂಲೆಯ ಬೆತ್ತ ತೆಗೆದುಕೊಂಡ. ತುಳಸೀಬಾಯಿ ಓಡಲಿಲ್ಲ, ಬಾತ ಕಾಲಿನವನಿಂದ ಓಡಿಹೋಗುವುದು ಅವಳಿಗೆ ಸುಲಭವಿತ್ತು, ಆದರೂ ಓಡಲಿಲ್ಲ. ಬೆನ್ನಿಗೆ ಬಿತ್ತು, ತೋಳಿಗೆ ಬಿತ್ತು, ಅಡ್ಡ ಹಿಡಿದ ಕೈಗೆ ಬಿದ್ದು ಬಳೆ ಒಡೆದು ಚೂರುಗಳು ಮಣಿಕಟ್ಟಿನಲ್ಲಿ ನೆಟ್ಟವು. ಅವನು ಏದುಸಿರು ಬಿಡುತ್ತ ಹೊಡೆದ.

ಅಂಬು ಹಿಂದಿನಿಂದ ಬಂದು ಅಪ್ಪನ ಕೈ ಕಚ್ಚಿದಳು. ಬೆತ್ತ ಬಿತ್ತು. ಅದನ್ನು ಎತ್ತಿಕೊಂಡು ಹೊಸ್ತಿಲಿಗಿಟ್ಟು, ಕಾಲಿನಿಂದ ತುಳಿದು ಮುರಿದಳು. ಎರಡೂ ತುಂಡು ಒಲೆಗೆ ಹಾಕಿದಳು.

"ಇನ್ನೊಂದು ತಂದ್ರ ಅದನ್ನೂ ಸುಡ್ತೇನಿ," ಎಂದಳು.

ತುಳಸೀಬಾಯಿ ಆಗ ಎದ್ದಳು. ಅಡುಗೆಮನೆಗೆ ಹೋಗಿ ಉಪ್ಪಿನ ಗಡಿಗೆ ಎರಡೂ ಕೈಯಲ್ಲಿ ಎತ್ತಿ ತಂದು ಅಂಗಳದ ಕಲ್ಲಿಗೆ ಅಪ್ಪಳಿಸಿದಳು. ಉಪ್ಪು ಶ್ರಾವಣದ ಕೆಸರಿನಲ್ಲಿ ಚೆಲ್ಲಿತು. ಉಪ್ಪಿನಕಾಯಿಯ ಭರಣಿ ತಂದಳು, ಅದನ್ನೂ ಒಡೆದಳು. ಹಪ್ಪಳ ಸಂಡಿಗೆಯ ಡಬ್ಬಿಯನ್ನು ಬೇಲಿಯಾಚೆ ಸುರಿದಳು.

"ಇವತ್ತಿನಿಂದ ಈ ಮನಿಯೊಳಗ ಯಾರಿಗೂ ಉಪ್ಪಿಲ್ಲ," ಎಂದಳು. ಅವಳ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ನನಗೂ ಇಲ್ಲ, ನನ್ನ ಮಗಳಿಗೂ ಇಲ್ಲ. ಇನ್ನ ನನ್ನ ಮ್ಯಾಲ ಹ್ಯಾಂಗ ಹೊರಿಸ್ತೀರೋ ನೋಡ್ತೇನಿ."

ರವಿವಾರ ವೆಂಕಟೇಶ ಆಲಮಟ್ಟಿಯಿಂದ ಬಂದ. ಅತ್ತಿಗೆಯ ತೋಳಿನ ಮೇಲಿನ ನೀಲಿ ಬಾಸುಂಡೆ ನೋಡಿದ. ಚಪ್ಪಲಿಯನ್ನೂ ಬಿಡದೆ ಪಡಸಾಲೆಗೆ ನುಗ್ಗಿ ಅಣ್ಣನ ಅಂಗಿಯ ಕೊರಳಪಟ್ಟಿ ಹಿಡಿದು ಎತ್ತಿದ.

"ನಿನ್ನ ಮಿರಜಕ್ಕ ಹೊತ್ತುಕೊಂಡು ಹೋಗಿದ್ದು ಇದಕ್ಕೇನು? ಹೆಂಗಸರನ್ನ ಹೊಡೀಲಿಕ್ಕೇನು?"

"ಬಿಡೋ! ನಿಮ್ಮಿಬ್ಬರ ಆಟ ನನಗ ಗೊತ್ತಿಲ್ಲಂತ ತಿಳದೀಯೇನು?"

ವೆಂಕಟೇಶ ಹೊಡೆದ. ಒಂದೇ ಏಟು. ಬಿಂದೂರಾಯ ಮಗ್ಗುಲಿಗೆ ಬಿದ್ದ. ಬಿದ್ದವನಿಗೆ ಮೈಯ ಭಾರಕ್ಕೆ ಮತ್ತೆ ಏಳಲಾಗಲಿಲ್ಲ, ಕೈ ಊರಿದರೆ ಕೈ ಜಾರಿತು. ಊರಿನ ಹುಡುಗರಿಗೆಲ್ಲ ದಂಡ ಬಸ್ಕಿ ಹೊಡೆಸಿದ ಮನುಷ್ಯ ನೆಲದ ಮೇಲೆ ತೆವಳುತ್ತಿದ್ದ. ನೋಡಲಾಗದೆ ವೆಂಕಟೇಶ ಹಣೆ ಬಡಿದುಕೊಂಡು ಅತ್ತ. ಗೋದೂಬಾಯಿ, "ತಮ್ಮ ಅಣ್ಣನ ಮ್ಯಾಲ ಕೈ ಮಾಡಿದ! ನೋಡ್ರೋ!" ಎಂದು ಓಣಿಗೆ ಕೇಳುವಂತೆ ಚೀರಿದಳು. ಕಟ್ಟೆಯ ಮೇಲಿದ್ದ ಶಮಶುದ್ದೀನ ಒಳಗೆ ಬಂದ. ಅಲ್ಲಿಯವರೆಗೆ ಆ ಮನೆಯ ಹೊಸ್ತಿಲು ದಾಟದಿದ್ದವನು, ಬಿಂದೂರಾಯನ ಕಂಕುಳಿಗೆ ಕೈಕೊಟ್ಟು ಎತ್ತಿ ಕಂಬಕ್ಕೆ ಆನಿಸಿ ಕೂಡಿಸಿದ. ಆ ಹೊತ್ತಿನಲ್ಲಿ ಮೈಲಿಗೆಯ ಮಾತು ಯಾರೂ ಎತ್ತಲಿಲ್ಲ.

"ವೈನಿ, ಗಂಟು ಕಟ್ರಿ. ಇಂಡಿಗೆ, ನಿಮ್ಮ ತವರುಮನಿಗೆ ಬಿಟ್ಟು ಬರ್ತೇನಿ," ಎಂದ ವೆಂಕಟೇಶ.

"ಈಗ ಹೋದ್ರ ನಾನಽ ಉಪ್ಪು ಹಾಕಿದ್ದು ಖರೇ ಆಗ್ತದ," ಎಂದಳು ತುಳಸೀಬಾಯಿ. "ನಾ ಹೋಗೂದಿಲ್ಲ."

ಆಮೇಲೆ ಆ ಮನೆ ಸಪ್ಪೆ ಉಂಡಿತು. ಸಪ್ಪೆ ರೊಟ್ಟಿ, ಸಪ್ಪೆ ಪಲ್ಯ, ಸಪ್ಪೆ ಮಜ್ಜಿಗೆ. ಅಂಬುವಿಗೆ ಮೊದಲ ದಿನಗಳಲ್ಲಿ ವಾಂತಿ ಬರುವಂತಾಗುತ್ತಿತ್ತು. ಗಂಟಲಲ್ಲಿ ಇಳಿಯದ ತುತ್ತನ್ನು ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಂಗುತ್ತಿದ್ದರು. ಗಂಡನಿಗೆ ಮಿರಜದಿಂದ ಬಂದ ಹೊಸದರಲ್ಲಿ ಹೇಗನಿಸಿರಬೇಕೆಂದು ತುಳಸೀಬಾಯಿಗೆ ಆಗ ತಿಳಿಯಿತು. ಹೊಡೆಸಿಕೊಂಡ ಬೆನ್ನು ಉರಿಯುತ್ತಿದ್ದರೂ ಅವನ ಮೇಲೆ ಮರುಕ ಬಂತು. ಮರುಕ ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಬಾವು ಮಾತ್ರ ಏರುತ್ತಲೇ ಹೋಯಿತು. ಮೋರೆ ಉಬ್ಬಿ ಕಣ್ಣು ಸಣ್ಣಗಾದವು. ಮನೆಯಲ್ಲಿ ಉಪ್ಪೇ ಇಲ್ಲ, ಆದರೂ ಏರುತ್ತಿದೆ. ಗೋದೂಬಾಯಿ ಈಗ ಯಾರನ್ನು ಬೈಯಬೇಕೋ ತಿಳಿಯದೆ ದೇವರನ್ನೇ ಬೈದಳು. ಮಗ ಉಣ್ಣಲೆಂದು ಚೂರು ಹೆಚ್ಚೇ ಸೈಂಧವ ಹಾಕಿದಳು.

ಭಾದ್ರಪದದ ಒಂದು ಮಧ್ಯಾಹ್ನ ಬಿಂದೂರಾಯ ಓಕರಿಕೆ ಬಂದು ಅರ್ಧ ಊಟಕ್ಕೇ ಎದ್ದ. ತಾಟಿನಲ್ಲಿ ಕಲಸಿದ ಅನ್ನ ಹಾಗೇ ಉಳಿಯಿತು. ತುಳಸೀಬಾಯಿ ರೂಢಿಯಂತೆ ಆ ತಾಟಿಗೆ ಕೂತಳು. ಅನ್ನ ಯಾಕೆ ದಂಡ ಮಾಡಬೇಕೆಂದು ಗಂಡ ಬಿಟ್ಟದ್ದನ್ನೇ ಒಂದು ತುತ್ತು ಬಾಯಿಗಿಟ್ಟಳು.

ಅವಳ ಕೈ ಅಲ್ಲೇ ನಿಂತಿತು. ಮೂರು ವಾರ ಸಪ್ಪೆ ಉಂಡ ನಾಲಗೆ. ಅದಕ್ಕೆ ವ್ರತ ಗೊತ್ತಿರಲಿಲ್ಲ, ಮಡಿ ಗೊತ್ತಿರಲಿಲ್ಲ.

"ಅಂಬೂ, ಬಾ ಇಲ್ಲಿ. ಇದನ್ನ ತಿಂದು ನೋಡು."

ಅಂಬು ತಿಂದಳು. "ಉಪ್ಪದ! ಅವ್ವಾ, ಇದು ಉಪ್ಪಽ ಅದ! ಯಾರ ಹಾಕಿದ್ರು?"

ತುಳಸೀಬಾಯಿ ದೇವರ ಮನೆಗೆ ನುಗ್ಗಿದಳು. ಉಂಡ ಕೈ, ಉಟ್ಟ ಸೀರೆ ಮೈಲಿಗೆ. ಗೂಡಿನಿಂದ ಡಬ್ಬಿ ಎಳೆದಳು. ಗೋದೂಬಾಯಿ, "ಮುಟ್ಟಬ್ಯಾಡಽ!" ಎಂದು ಓಡಿ ಬಂದು ಅವಳ ತುರುಬಿಗೆ ಕೈಹಾಕಿದಳು. ತುಳಸೀಬಾಯಿ ತುರುಬು ಬಿಡಿಸಿಕೊಳ್ಳಲಿಲ್ಲ, ಡಬ್ಬಿಯನ್ನೂ ಬಿಡಲಿಲ್ಲ. ಇಬ್ಬರೂ ಎಳೆದಾಡುತ್ತ ಪಡಸಾಲೆಗೆ ಬಂದು ಬಿದ್ದರು. ಡಬ್ಬಿ ಉರುಳಿ ಹರಳು ಚೆಲ್ಲಿದವು.

ತುಳಸೀಬಾಯಿ ಒಂದು ಹರಳು ಎತ್ತಿ ಅತ್ತೆಯ ಬಾಯಿಗೆ ತುರುಕಿದಳು. "ಚಪ್ಪರಿಸ್ರಿ! ಏನದ ಹೇಳ್ರಿ! ಇದು ಉಪ್ಪಲ್ಲೇನು?"

"ಸೈಂಧವ... ವ್ರತಕ್ಕ ನಡೀತದ..." ಎಂದಳು ಗೋದೂಬಾಯಿ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣಗಾಯಿತು. ಬಾಯಲ್ಲಿ ಹರಳು ಕರಗುತ್ತಿತ್ತು.

"ದೇವರಿಗೆ ನಡೀತದ. ಅವರ ಮೂತ್ರಪಿಂಡಕ್ಕ ನಡೀತದೇನು?"

ಆಗ ಕಂಬದ ಹತ್ತಿರದಿಂದ ಬಿಂದೂರಾಯನ ದನಿ ಬಂತು. ವಾರಗಳಿಂದ ಕೂಗು ಬಿಟ್ಟರೆ ಬೇರೆ ದನಿ ಬರದಿದ್ದ ಗಂಟಲಿನಿಂದ ಮೆಲ್ಲಗೆ ಬಂತು.

"ಅವ್ವಗ ಅನಬ್ಯಾಡ. ನನಗ ಗೊತ್ತಿತ್ತು."

ಮೂವರೂ ತಿರುಗಿ ನೋಡಿದರು.

"ವೆಂಕಟೇಶ ಔಷಧ ತರ್ಲಿಕ್ಕೆ ಹೋದಾಗ ಮಿರಜದ ಡಾಕ್ಟರ್ ನನಗ ಬಿಡಿಸಿ ಹೇಳಿದ್ರು. ಸೈಂಧವಾನೂ ಬ್ಯಾಡ, ಅದೂ ಉಪ್ಪಽ ಅಂತ. ನಾ ಮನಿಯೊಳಗ ಹೇಳ್ಲಿಲ್ಲ."

"ಯಾಕಪ್ಪಾ?" ಎಂದಳು ಗೋದೂಬಾಯಿ.

"ಬಾವಿತನಕ ಹೋಗಿ ಬೀಳ್ಲಿಕ್ಕೆ ಈ ಕಾಲಿಲೆ ಆಗೂದಿಲ್ಲ. ಅವ್ವನ ಕೈಲೆ ರುಚಿಯಾಗಿ ಉಂಡು ಹೋಗೂಣು ಅಂದುಕೊಂಡೆ. ಕುಂತಲ್ಲೇ ಕುಂತು ಉಣ್ಣಾವ ಇದ್ರೆಷ್ಟು ಬಿಟ್ರೆಷ್ಟು?"

ತುಳಸೀಬಾಯಿ ಬಿಚ್ಚಿದ ತುರುಬಿನಲ್ಲೇ ಅವನ ಮುಂದೆ ಹೋಗಿ ನಿಂತಳು. ಒಡೆದ ಬಳೆಯ ಗಾಯವಿದ್ದ ಕೈ ಚಾಚಿ ತೋರಿಸಿದಳು.

"ಗೊತ್ತಿದ್ದೂ ನನ್ನ ಯಾಕ ಹೊಡದ್ರಿ?"

ಅವನು ಆ ಗಾಯ ನೋಡಿದ. "ಯಾರಿಗಾದ್ರೂ ಹೊಡೀಬೇಕನಸ್ತಿತ್ತು. ನೀ ಹತ್ರ ಇದ್ದಿ."

ಗೋದೂಬಾಯಿ ಎದ್ದು ಬಂದಳು. ಹುಟ್ಟಿದಾಗಿನಿಂದ ಒಂದು ಪೆಟ್ಟೂ ಹಾಕದ ಮಗನ ಕೆನ್ನೆಗೆ ಹೊಡೆದಳು. ಬಾತ ಕೆನ್ನೆಯ ಮೇಲೆ ಅವಳ ಬೆರಳು ಹಾಗೇ ಮೂಡಿದವು. ಇನ್ನೊಂದು ಹೊಡೆದಳು. "ನನ್ನ ಕೈಲೆ ವಿಷ ಹಾಕಿಸಿಕೊಂಡೆಲ್ಲೋ! ತಾಯಿ ಕೈಲೆ!" ಎಂದು ಕಂಬಕ್ಕೆ ತನ್ನ ಹಣೆ ಜಜ್ಜಿಕೊಳ್ಳತೊಡಗಿದಳು. ಅಂಬು ಅಜ್ಜಿಯನ್ನು ಹಿಂದಿನಿಂದ ತಬ್ಬಿ ಹಿಡಿದುಕೊಂಡಳು.

ತುಳಸೀಬಾಯಿ ಅಳಲಿಲ್ಲ. ಹರಳನ್ನೆಲ್ಲ ಗುಡಿಸಿ ಬಚ್ಚಲಿಗೆ ಹಾಕಿದಳು. ಒಲೆ ಹೊತ್ತಿಸಿ ಗಂಜಿ ಕಾಯಿಸಿದಳು, ಮಡಿ ಉಡಲಿಲ್ಲ. ಅವಳ ಹುಬ್ಬು ಒಡೆದಿದ್ದ ಅದೇ ಹಿತ್ತಾಳೆಯ ತಾಟಿಗೆ ಸುರಿದು ತಂದು ಗಂಡನ ಮುಂದೆ ಕೂತಳು. ಅವನ ಮುಂದೆ ಇಡಲಿಲ್ಲ, ತನ್ನ ಮುಂದೆ ಇಟ್ಟುಕೊಂಡಳು. ಅತ್ತೆ ನೋಡುತ್ತಿರುವಂತೆಯೇ ಒಂದು ತುತ್ತು ತಾನು ಉಂಡಳು. ಆಮೇಲೆ ತಾಟನ್ನು ಅವನ ಕಡೆ ನೂಕಿದಳು.

"ಉಣ್ರಿ."

"ಎಂಜಲ..." ಎಂದು ಗೋದೂಬಾಯಿಯ ಬಾಯಿಂದ ಅಭ್ಯಾಸಕ್ಕೆ ಬಂದುಬಿಟ್ಟಿತು.

"ಹೌದ್ರಿ ಅತ್ತಿ, ಎಂಜಲ. ಇನ್ನ ಇವರ ಬಾಯಿಗೆ ಹೋಗೂದೆಲ್ಲಾ ನನ್ನ ನಾಲಿಗಿ ದಾಟಿ ಹೋಗ್ತದ. ಸಾಯೂದಿದ್ರ ನನ್ನ ಕಣ್ಣು ತಪ್ಪಿಸಿ ಸಾಯಬೇಕು ಇವರು. ತಪ್ಪಿಸ್ಲಿ ನೋಡ್ತೇನಿ."

ಬಿಂದೂರಾಯ ಕೈ ಎತ್ತಿದ. ಅಂಬು ತಟ್ಟನೆ ಮುಂದೆ ಬಂದಳು. ತುಳಸೀಬಾಯಿ ಮಾತ್ರ ಕೂತಲ್ಲಿಂದ ಅಲುಗಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಆ ಕೈ ಇಳಿದು ತಾಟಿಗೆ ಬಂತು. ಹೆಂಡತಿ ಉಂಡು ಬಿಟ್ಟ ಗಂಜಿಯನ್ನು ಅವನು ಬಾಯಿಗೆ ಹಾಕಿಕೊಂಡ.

"ಸಪ್ಪಗಽ ಅದ," ಎಂದ.

"ಗೊತ್ತದ," ಎಂದಳು ತುಳಸೀಬಾಯಿ. "ನಾನೂ ಇದನ್ನಽ ಉಣ್ಣಾಕಿ. ಉಣ್ರಿ."